ಶಾಯಿ ತುಂಬಿಸುವ ಹಕ್ಕು ಯಾರದು?

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ ಮಗಳ ಕಾಲೇಜು ಪ್ರವೇಶದ ಕಾಗದಪತ್ರಗಳನ್ನು ಮುದ್ರಿಸಲು ಕುಳಿತಿದ್ದೆ. ಮರುದಿನ ಬೆಳಿಗ್ಗೆ ದಾಖಲೆಗಳ ಪರಿಶೀಲನೆ. ಹಿಂದಿನ ದಿನ ಸಂಜೆಯವರೆಗೂ ಚೆನ್ನಾಗಿ ಕೆಲಸ ಮಾಡಿದ್ದ ಪ್ರಿಂಟರ್ ಇದ್ದಕ್ಕಿದ್ದಂತೆ ಮುಷ್ಕರ ಹೂಡಿತು. ಈ ಕಾರ್ಟ್ರಿಜ್ ಅಸಲಿಯಲ್ಲ, ಇದನ್ನು ಬದಲಾಯಿಸುವವರೆಗೆ ಮುದ್ರಣ ಸಾಧ್ಯವಿಲ್ಲ ಎಂಬ ಸಂದೇಶ ಪರದೆಯ ಮೇಲೆ ಮೂಡಿತು. ಕಾರ್ಟ್ರಿಜ್ ಅದೇ, ಪ್ರಿಂಟರ್ ಅದೇ, ಮುಟ್ಟಿದವನು ನಾನೊಬ್ಬನೇ. ಬದಲಾಗಿದ್ದು ಒಂದೇ. ಅಂತರ್ಜಾಲ ಸಂಪರ್ಕದಲ್ಲಿದ್ದ ಆ ಯಂತ್ರ, ತನ್ನೊಳಗಿನ ತಂತ್ರಾಂಶದ ಹೊಸ ಆವೃತ್ತಿಯೊಂದನ್ನು ನನ್ನನ್ನು ಕೇಳದೆಯೇ ತರಿಸಿಕೊಂಡಿತ್ತು. ಕೊನೆಗೆ ಬಾಗಿಲು ಮುಚ್ಚುತ್ತಿದ್ದ ಜೆರಾಕ್ಸ್ ಅಂಗಡಿಯವರನ್ನು ಅಂಗಲಾಚಿ ಕೆಲಸ ಮುಗಿಸಿಕೊಂಡೆ.

ಎರಡು ದಿನಗಳ ಬಳಿಕ ಆ ಕಾರ್ಟ್ರಿಜನ್ನು ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಕಂಪ್ಯೂಟರ್ ಬಿಡಿಭಾಗಗಳ ಆ ಗಿಜಿಗುಡುವ ಓಣಿಗಳಲ್ಲೊಂದು ಪುಟ್ಟ ಮಳಿಗೆ. ಎರಡು ವರ್ಷಗಳಿಂದ ನನಗೆ ಶಾಯಿ ತುಂಬಿಸಿಕೊಡುತ್ತಿದ್ದ ಯುವಕ ಕಾರ್ಟ್ರಿಜನ್ನು ತೂಗಿ ನೋಡಿದ, ಒದ್ದೆ ಕಾಗದದ ಮೇಲೆ ಒತ್ತಿ ನೋಡಿದ. ನಂತರ ಹೇಳಿದ: ‘ಸಾರ್, ಇಂಕು ಇದೆ. ಕಾರ್ಟ್ರಿಜ್ ಸರಿಯಾಗಿದೆ. ನಿಮ್ಮ ಪ್ರಿಂಟರೂ ಸರಿಯಾಗೇ ಇರತ್ತೆ. ಕಂಪನಿಗೆ ಇಷ್ಟ ಇಲ್ಲ, ಅಷ್ಟೇ.’

ಈ ಒಂದು ಮಾತಿನಲ್ಲಿ ಅಡಗಿರುವ ಪ್ರಶ್ನೆ ಶಾಯಿಯ ಬೆಲೆಗಿಂತ ದೊಡ್ಡದು. ಹಣ ಕೊಟ್ಟು ಕೊಂಡು ಮನೆಗೆ ತಂದ ವಸ್ತುವಿನ ಮೇಲೆ, ಮಾರಿದವನ ಇಷ್ಟಾನಿಷ್ಟ ಎಷ್ಟು ಕಾಲ ನಡೆಯಬೇಕು? ನನ್ನ ಪ್ರಿಂಟರ್ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಪ್ರಮುಖ ತಯಾರಕರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ನಡೆದವರು.

ಮರುಪೂರಣ ನಮಗೆ ಹೊಸತಲ್ಲ. ನಾವು ಹೈಸ್ಕೂಲಿಗೆ ಹೋಗುತ್ತಿದ್ದ ದಿನಗಳಲ್ಲಿ ಶಾಲೆಯೆದುರಿನ ಅಂಗಡಿಯಾತ ಕೆಲವೇ ಪೈಸೆಗಳಿಗೆ ಪೆನ್ನಿಗೆ ಶಾಯಿ ತುಂಬಿಸಿಕೊಡುತ್ತಿದ್ದ. ಬ್ರಿಲ್ ಆಗಲಿ, ಚೆಲ್‌ಪಾರ್ಕ್ ಆಗಲಿ, ಪೆನ್ನು ಯಾವ ಶಾಯಿಯನ್ನೂ ನಿರಾಕರಿಸುತ್ತಿರಲಿಲ್ಲ. ಕೆಟ್ಟ ಶಾಯಿ ಹಾಕಿದರೆ ನಿಬ್ಬು ಕಟ್ಟಿಕೊಳ್ಳುತ್ತಿತ್ತು. ಆ ನಷ್ಟ ನಮ್ಮದು, ಆ ನಿರ್ಧಾರವೂ ನಮ್ಮದು. ಬಾಲ್‌ಪೆನ್ ಬಂದಾಗ ‘ರೀಫಿಲ್’ ಎಂಬ ಇಂಗ್ಲಿಷ್ ಪದ ಕನ್ನಡದ್ದೇ ಎಂಬಷ್ಟು ಸಲೀಸಾಗಿ ನಾಲಿಗೆಗೆ ಬಂತು. ಅಡುಗೆ ಅನಿಲದ ಸಿಲಿಂಡರಿನ ವ್ಯವಸ್ಥೆ ಬೇರೆ. ಅಲ್ಲಿ ಠೇವಣಿ ಇಟ್ಟು ಸಿಲಿಂಡರ್ ಪಡೆಯುತ್ತೇವೆ. ಅದು ಕಂಪನಿಯ ಸ್ವತ್ತೆಂಬುದು ಇಬ್ಬರಿಗೂ ಗೊತ್ತು. ಒಳಗಿನ ಅನಿಲ ಮಾತ್ರ ನಮ್ಮದು. ಎರಡೂ ಪ್ರಾಮಾಣಿಕ ವ್ಯವಹಾರಗಳೇ. ಕಾರ್ಟ್ರಿಜ್ ವಿಷಯದಲ್ಲಿ ಆಗಿರುವುದು ಇವೆರಡರ ವಿಚಿತ್ರ ಮಿಶ್ರಣ: ಬೆಲೆ ತೆಗೆದುಕೊಳ್ಳುವಾಗ ಪೆನ್ನಿನ ಹಾಗೆ ಪೂರ್ತಿ ಮಾರಾಟ, ಬಳಸುವಾಗ ಸಿಲಿಂಡರಿನ ಹಾಗೆ ಕಂಪನಿಯ ಒಡೆತನ.

ಮೊದಲು ಲೆಕ್ಕ ನೋಡೋಣ. ಅರ್ಥಶಾಸ್ತ್ರದ ಪಾಠ ಹೇಳಿಯೇ ಹೊಟ್ಟೆ ಹೊರೆಯುವ ನಾನು ಈ ಲೆಕ್ಕವನ್ನು ಪ್ರಿಂಟರ್ ಕೊಳ್ಳುವ ಮೊದಲು ಮಾಡಬೇಕಿತ್ತು. ಮಾಡಿದ್ದು ಕೊಂಡು ಒಂದು ವರ್ಷವಾದ ಮೇಲೆ. ಪ್ರಿಂಟರಿಗೆ ಕೊಟ್ಟಿದ್ದು 3,200 ರೂಪಾಯಿ. ಕಪ್ಪು ಶಾಯಿಯ ಒಂದು ಕಾರ್ಟ್ರಿಜ್‌ಗೆ 850 ರೂಪಾಯಿ. ಅದರಿಂದ ನನಗೆ ಸಿಕ್ಕಿದ್ದು ಸುಮಾರು 170 ಪುಟ. ಅಂದರೆ ಕಾಗದದ ಬೆಲೆ ಬಿಟ್ಟು ಪುಟವೊಂದಕ್ಕೆ ಐದು ರೂಪಾಯಿ. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಕಾಗದವೂ ಸೇರಿ ಮೂರು ರೂಪಾಯಿ! ಮೊದಲ ವರ್ಷ ನಾಲ್ಕು ಕಾರ್ಟ್ರಿಜ್ ಮುಗಿದಾಗ ಶಾಯಿಗೆ ಕೊಟ್ಟ ಹಣ ಯಂತ್ರಕ್ಕೆ ಕೊಟ್ಟ ಹಣವನ್ನು ದಾಟಿತ್ತು. ಎಸ್.ಪಿ. ರಸ್ತೆಯಲ್ಲಿ ಅದೇ ಕಾರ್ಟ್ರಿಜ್‌ಗೆ ಶಾಯಿ ತುಂಬಿಸಲು 150 ರೂಪಾಯಿ. ಪುಟದ ವೆಚ್ಚ ಒಂದು ರೂಪಾಯಿಗೂ ಕಡಿಮೆ.

ಆ ಕಾರ್ಟ್ರಿಜ್‌ನಲ್ಲಿದ್ದದ್ದು ಸುಮಾರು 5 ಮಿಲಿಲೀಟರ್ ಶಾಯಿ, ಅಂದರೆ ಒಂದು ಚಹಾ ಚಮಚದಷ್ಟು. ಆ ದರದಲ್ಲಿ ಒಂದು ಲೀಟರಿಗೆ 1 ಲಕ್ಷದ 70 ಸಾವಿರ ರೂಪಾಯಿಯಾಯಿತು. ಇನ್ನು ಇದೇ ಕಂಪನಿ ತನ್ನ ಟ್ಯಾಂಕ್ ಮಾದರಿಯ ಪ್ರಿಂಟರುಗಳಿಗೆಂದು ಮಾರುವ 65 ಮಿಲಿಲೀಟರಿನ ಬಾಟಲಿ 350 ರೂಪಾಯಿಗೆ ಸಿಗುತ್ತದೆ; ಲೀಟರಿಗೆ ಸುಮಾರು 5,400 ರೂಪಾಯಿ. ಶಾಯಿಯ ರಸಾಯನ ಒಂದೇ ಅಲ್ಲ, ಕಾರ್ಟ್ರಿಜ್‌ನೊಳಗೆ ಮುದ್ರಣ ಮಾಡುವ ಸೂಕ್ಷ್ಮ ತಲೆಯೂ ಇರುತ್ತದೆ ಎಂಬ ವಾದವನ್ನು ಪೂರ್ತಿ ಒಪ್ಪಿಕೊಂಡರೂ, ಸುಮಾರು ಮೂವತ್ತು ಪಟ್ಟು ಅಂತರವನ್ನು ಅದೊಂದೇ ವಿವರಿಸಲಾರದು. 2003ರಲ್ಲಿಯೇ ಬ್ರಿಟನ್ನಿನ ಗ್ರಾಹಕ ಸಂಸ್ಥೆ ‘ವಿಚ್?’ ಪ್ರಿಂಟರ್ ಶಾಯಿ ಹಳೆಯ ಕಾಲದ ಉತ್ಕೃಷ್ಟ ಶಾಂಪೇನ್‌ಗಿಂತಲೂ ಹಲವು ಪಟ್ಟು ದುಬಾರಿ ಎಂದು ಲೆಕ್ಕ ಹಾಕಿ ತೋರಿಸಿತ್ತು. ಎರಡು ದಶಕ ಕಳೆದರೂ ಹೋಲಿಕೆ ಹಳತಾಗಿಲ್ಲ.

ಈ ವ್ಯಾಪಾರದ ಸೂತ್ರ ಎಲ್ಲರಿಗೂ ತಿಳಿದದ್ದೇ: ಯಂತ್ರವನ್ನು ಅಗ್ಗಕ್ಕೆ ಕೊಡು, ಅದರ ಆಹಾರವನ್ನು ದುಬಾರಿಗೆ ಮಾರು. ಇದಕ್ಕೆ ಜಿಲೆಟ್ ಕಂಪನಿಯ ರೇಜರ್ ಮತ್ತು ಬ್ಲೇಡುಗಳ ಉದಾಹರಣೆ ಕೊಡುವುದು ವಾಡಿಕೆ. ಇತಿಹಾಸ ನೋಡಿದರೆ ಸಂಗತಿ ತುಸು ಬೇರೆ. 1904ರಲ್ಲಿ ಪೇಟೆಂಟ್ ಪಡೆದ ಜಿಲೆಟ್, ಅದರ ಅವಧಿ ಮುಗಿಯುವವರೆಗೂ ರೇಜರನ್ನು ಆ ಕಾಲಕ್ಕೆ ದುಬಾರಿಯೇ ಆದ 5 ಡಾಲರಿಗೆ ಮಾರುತ್ತಿತ್ತು. 1921ರಲ್ಲಿ ಪೇಟೆಂಟ್ ಮುಗಿದು ಪೈಪೋಟಿ ಎದುರಾದ ಮೇಲೆಯೇ ರೇಜರ್ ಅಗ್ಗವಾಗಿದ್ದು. ಪೈಪೋಟಿಯಿದ್ದಾಗ ಬೆಲೆ ಇಳಿಯುತ್ತದೆಂಬ ಈ ಹಳೆಯ ಪಾಠವನ್ನು ಪ್ರಿಂಟರ್ ಉದ್ಯಮ ಅರ್ಧ ಮಾತ್ರ ಕಲಿತಿದೆ. ಯಂತ್ರದ ಮಾರುಕಟ್ಟೆಯಲ್ಲಿ ಪೈಪೋಟಿಯನ್ನು ಸಹಿಸಿಕೊಂಡು, ಶಾಯಿಯ ಮಾರುಕಟ್ಟೆಯಲ್ಲಿ ಅದನ್ನು ಬಾಗಿಲಲ್ಲೇ ತಡೆಯುತ್ತದೆ.

ತಪ್ಪು ಕಂಪನಿಗಳದ್ದು ಮಾತ್ರವೇ? ಅಲ್ಲ. 2007ರಲ್ಲಿ ಕೊಡಕ್ ಸಂಸ್ಥೆ ಇದಕ್ಕೆ ವಿರುದ್ಧವಾದ ಪ್ರಯೋಗ ಮಾಡಿತು. ಪ್ರಿಂಟರಿಗೆ ತುಸು ಹೆಚ್ಚು ಬೆಲೆ, ಶಾಯಿಗೆ ಕಡಿಮೆ ಬೆಲೆ ಎಂದು ಬಹಿರಂಗವಾಗಿಯೇ ಜಾಹೀರಾತು ಮಾಡಿತು. ಡಿಜಿಟಲ್ ಕ್ಯಾಮೆರಾದ ಹೊಡೆತದಿಂದ ಮೊದಲೇ ಸೊರಗಿದ್ದ ಆ ಸಂಸ್ಥೆ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆ ಕೋರಿತು; ಅದೇ ವರ್ಷ ಮನೆಬಳಕೆಯ ಇಂಕ್‌ಜೆಟ್ ವ್ಯಾಪಾರದಿಂದ ಹಿಂದೆ ಸರಿಯಿತು. ಅದರ ಪತನಕ್ಕೆ ಕಾರಣಗಳು ಹಲವು. ಆದರೂ ಅಂಗಡಿಯಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳ ಮುಂದೆ ನಿಂತಾಗ ನಮ್ಮ ಕಣ್ಣು ಹೋಗುವುದು ಮೇಲೆ ಅಂಟಿಸಿದ ಬೆಲೆಯ ಚೀಟಿಯತ್ತಲೇ ಎಂಬುದನ್ನು ನಾವೂ ಒಪ್ಪಿಕೊಳ್ಳಬೇಕು. ನಾಳೆಯ ಖರ್ಚನ್ನು ಇಂದು ಲೆಕ್ಕ ಹಾಕದ ನಮ್ಮ ಸ್ವಭಾವದ ಮೇಲೆಯೇ ಈ ವ್ಯಾಪಾರ ನಿಂತಿದೆ.

ಇಂಕ್‌ಜೆಟ್ ತಂತ್ರಜ್ಞಾನದ ಹುಟ್ಟಿನಲ್ಲೊಂದು ಸ್ವಾರಸ್ಯವಿದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವ ಬಿಸಿ ಕಡ್ಡಿಯೊಂದು ಶಾಯಿ ತುಂಬಿದ್ದ ಸಿರಿಂಜ್‌ನ ಸೂಜಿಗೆ ಆಕಸ್ಮಿಕವಾಗಿ ತಾಗಿ, ಶಾಯಿ ಚಿಮ್ಮಿತು. ಬಿಸಿಗೆ ಗುಳ್ಳೆಯೆದ್ದು ಹನಿಯನ್ನು ಹೊರದೂಡುವ ಈ ತತ್ತ್ವವೇ ಇಂದಿನ ಬಹುಪಾಲು ಮನೆಬಳಕೆಯ ಪ್ರಿಂಟರುಗಳ ಆಧಾರ. ಎಸ್.ಪಿ. ರಸ್ತೆಯ ಯುವಕನ ಕೈಯಲ್ಲಿರುವುದೂ ಒಂದು ಸಿರಿಂಜೇ! ಆತ ಕಾರ್ಟ್ರಿಜ್‌ನ ಮೇಲಿನ ಚೀಟಿಯನ್ನು ಸರಿಸಿ, ಸಣ್ಣ ರಂಧ್ರದ ಮೂಲಕ ಒಳಗಿನ ಸ್ಪಂಜಿಗೆ ನಿಧಾನವಾಗಿ ಶಾಯಿ ಇಳಿಸುತ್ತಾನೆ. ಒಳಗೆ ಗಾಳಿ ಸಿಕ್ಕಿಕೊಳ್ಳಬಾರದು, ಸ್ಪಂಜು ತೊಯ್ದು ತೊಟ್ಟಿಕ್ಕಬಾರದು. ಕೆಳಗಿನ ಕೂದಲೆಳೆಗಿಂತ ಸಣ್ಣ ರಂಧ್ರಗಳು ಒಣಗಿರಬಾರದು. ಕೊನೆಗೆ ತಾಮ್ರದ ಬಣ್ಣದ ಸಂಪರ್ಕ ಬಿಂದುಗಳನ್ನು ನೂಲಿಲ್ಲದ ಬಟ್ಟೆಯಿಂದ ಒರೆಸಬೇಕು. ನೋಡಲು ಸುಲಭ. ಒಮ್ಮೆ ಅದನ್ನು ಮನೆಯಲ್ಲೇ ಮಾಡಹೋಗಿ ಅಡುಗೆಮನೆಯ ಕಲ್ಲು, ನನ್ನ ಪಂಚೆ ಮತ್ತು ಗೃಹಶಾಂತಿ ಮೂರನ್ನೂ ಕೆಡಿಸಿಕೊಂಡ ಅನುಭವ ನನಗಿದೆ. ಬಣ್ಣದ ಕಾರ್ಟ್ರಿಜ್‌ನಲ್ಲಿ ಯಾವ ಕೋಣೆಯಲ್ಲಿ ಯಾವ ಬಣ್ಣವೆಂಬುದು ತಪ್ಪಿಹೋಗಿ, ಮಗಳ ಭೂಗೋಳದ ನಕ್ಷೆಯಲ್ಲಿ ಅರಬ್ಬೀ ಸಮುದ್ರ ಹಸಿರಾಗಿತ್ತು. ಇದು ಕೈಚಳಕ ಬೇಡುವ ಕಸುಬು.

ಲೇಸರ್ ಪ್ರಿಂಟರಿನದು ಪುಡಿಯ ಕಥೆ. ಅಲ್ಲಿನ ಟೋನರ್ ಕಾರ್ಟ್ರಿಜ್‌ನೊಳಗೆ ಡ್ರಮ್ ಇದೆ, ಅದನ್ನು ಒರೆಸುವ ಬ್ಲೇಡ್ ಇದೆ, ಒರೆಸಿದ ಪುಡಿ ಬೀಳುವ ತೊಟ್ಟಿ ಇದೆ. ಬಲ್ಲವನು ಕಾರ್ಟ್ರಿಜ್ ಬಿಚ್ಚಿ ತೊಟ್ಟಿ ಖಾಲಿ ಮಾಡಿ, ಸವೆದ ಡ್ರಮ್ ಬದಲಿಸಿ, ಹೊಸ ಪುಡಿ ತುಂಬಿಸಿಕೊಡುತ್ತಾನೆ. ನಮ್ಮ ವಿಭಾಗದ ಲೇಸರ್ ಪ್ರಿಂಟರಿಗೆ ಹೊಸ ಕಾರ್ಟ್ರಿಜ್ ಕೊಂಡರೆ ಐದು ಸಾವಿರ ರೂಪಾಯಿ, ಎರಡು ಸಾವಿರ ಪುಟ. ತುಂಬಿಸಿದರೆ ಮುನ್ನೂರು ರೂಪಾಯಿ, ಒಂದೂವರೆ ಸಾವಿರ ಪುಟ. ಪುಟಕ್ಕೆ ಎರಡೂವರೆ ರೂಪಾಯಿ ಎಲ್ಲಿ, ಇಪ್ಪತ್ತು ಪೈಸೆ ಎಲ್ಲಿ! ವಕೀಲರ ಕಚೇರಿ, ಡಿಟಿಪಿ ಕೇಂದ್ರ, ತಾಲ್ಲೂಕು ಕಚೇರಿಯೆದುರಿನ ಅರ್ಜಿ ಬರೆಯುವವರ ಮೇಜು, ಖಾಸಗಿ ಶಾಲೆ ಹೀಗೆ ಕಾಗದದ ಮೇಲೆ ಬದುಕುವ ನಮ್ಮ ಊರುಗಳ ಒಂದು ದೊಡ್ಡ ಲೋಕವೇ ಈ ಇಪ್ಪತ್ತು ಪೈಸೆಯ ಮೇಲೆ ನಡೆಯುತ್ತಿದೆ.

ಈ ಉಳಿತಾಯಕ್ಕೆ ಕಂಪನಿಗಳು ಕಂಡುಕೊಂಡ ಉತ್ತರವೇ ಚಿಪ್. ಉಗುರಿಗಿಂತ ಚಿಕ್ಕದಾದ ಈ ಬಿಲ್ಲೆ ಎರಡು ಕೆಲಸ ಮಾಡುತ್ತದೆ: ಎಷ್ಟು ಮುದ್ರಿಸಲಾಯಿತೆಂದು ಲೆಕ್ಕವಿಡುತ್ತದೆ, ತನ್ನ ಕುಲಗೋತ್ರವನ್ನು ಪ್ರಿಂಟರಿಗೆ ಸಾಬೀತುಪಡಿಸುತ್ತದೆ. ಲೆಕ್ಕ ಮುಗಿದರೆ ಒಳಗೆ ಶಾಯಿ ಉಳಿದಿದ್ದರೂ ‘ಖಾಲಿ’. ಗೋತ್ರ ಹೊಂದದಿದ್ದರೆ ತುಂಬಿದ್ದರೂ ‘ನಕಲಿ’.

ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿ ಈ ಬೀಗವನ್ನು ಕಾನೂನಿನಿಂದಲೂ ಭದ್ರಪಡಿಸಲು ಹೊರಟಿತು. ಸಿನಿಮಾ, ಸಂಗೀತಗಳ ಕಳ್ಳ ಪ್ರತಿ ತಡೆಯಲು ಮಾಡಿದ ಕೃತಿಸ್ವಾಮ್ಯ ಕಾಯ್ದೆಯನ್ನೇ ಹಿಡಿದು, ಬದಲಿ ಚಿಪ್ ಮಾಡಿದ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. ಚಿಪ್‌ನೊಳಗಿನ ಪುಟ್ಟ ತಂತ್ರಾಂಶ ತನ್ನ ‘ಕೃತಿ’ ಎಂಬುದು ಅದರ ವಾದ. 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಕಂಪನಿ ಅಷ್ಟಕ್ಕೇ ಬಿಡದೆ ಪೇಟೆಂಟ್ ಕಾಯ್ದೆಯ ಮೊರೆಹೊಕ್ಕಿತು. ಒಂದೇ ಸಲ ಬಳಸಿ ತನಗೇ ಮರಳಿಸಬೇಕೆಂಬ ಷರತ್ತಿನೊಂದಿಗೆ ರಿಯಾಯಿತಿ ದರದಲ್ಲಿ ಕಾರ್ಟ್ರಿಜ್ ಮಾರಿ, ಅದನ್ನು ಮತ್ತೆ ತುಂಬಿ ಮಾರಿದವರು ಪೇಟೆಂಟ್ ಉಲ್ಲಂಘಿಸಿದ್ದಾರೆಂದಿತು. ಎದುರು ನಿಂತದ್ದು ವೆಸ್ಟ್ ವರ್ಜೀನಿಯದ ಇಂಪ್ರೆಶನ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಸಂಸ್ಥೆ. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಚಿಕ್ಕವರ ಪರವಾಗಿ ತೀರ್ಪಿತ್ತಿತು. ವಸ್ತುವನ್ನು ಮಾರಿದ ಗಳಿಗೆಯಲ್ಲಿಯೇ ಅದರ ಮೇಲಿನ ಪೇಟೆಂಟ್ ಹಕ್ಕು ತೀರಿಹೋಗುತ್ತದೆ. ಮಾರಾಟ ವಿದೇಶದಲ್ಲಿ ನಡೆದಿದ್ದರೂ ಅಷ್ಟೇ ಎಂಬುದು ಆ ತೀರ್ಪಿನ ಸಾರ. ಹಳೆಯ ಕಾರು ಕೊಂಡು ದುರಸ್ತಿ ಮಾಡಿ ಮಾರುವವನು ಪ್ರತಿ ಬಿಡಿಭಾಗದ ತಯಾರಕನ ಅನುಮತಿಗೆ ಕಾಯಬೇಕಾದರೆ ವ್ಯಾಪಾರವೇ ಸ್ಥಗಿತವಾದೀತೆಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ವಿವರಿಸಿದರು.

ನ್ಯಾಯಾಲಯದಲ್ಲಿ ಸೋತದ್ದನ್ನು ತಂತ್ರಾಂಶದಲ್ಲಿ ಗೆಲ್ಲಬಹುದೆಂದು ಉದ್ಯಮ ಅಷ್ಟರಲ್ಲಾಗಲೇ ಕಂಡುಕೊಂಡಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಎಚ್‌ಪಿ ಕಂಪನಿಯ ಕೆಲವು ಆಫೀಸ್‌ಜೆಟ್ ಪ್ರಿಂಟರುಗಳು ಒಂದೇ ದಿನ ಬೇರೆಯವರ ಚಿಪ್ ಇದ್ದ ಕಾರ್ಟ್ರಿಜ್‌ಗಳನ್ನು ತಿರಸ್ಕರಿಸತೊಡಗಿದವು. ಗಲಾಟೆಯಾದ ಮೇಲೆ, ಬೇಕಾದವರು ಆ ನಿರ್ಬಂಧವನ್ನು ತೆಗೆದುಹಾಕಿಕೊಳ್ಳಲು ಕಂಪನಿ ದಾರಿ ಮಾಡಿಕೊಟ್ಟಿತು. ತಪ್ಪೊಪ್ಪಿಕೊಳ್ಳದೆಯೇ 2018ರಲ್ಲಿ 15 ಲಕ್ಷ ಡಾಲರಿನ ರಾಜಿಗೂ ಬಂತು. 2020ರ ಡಿಸೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ, ಇಂಥ ನಿರ್ಬಂಧಗಳನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದ ತಪ್ಪಿಗೆ ಅದೇ ಕಂಪನಿಗೆ ಒಂದು ಕೋಟಿ ಯೂರೊ ದಂಡ ವಿಧಿಸಿತು. ಆದರೂ ಧೋರಣೆ ಬದಲಾಗಲಿಲ್ಲ. ಕಂಪನಿಯ ಅಂದಿನ ಮುಖ್ಯಸ್ಥ ಎನ್ರಿಕೆ ಲೋರೆಸ್ 2024ರ ಜನವರಿಯಲ್ಲಿ ದೂರದರ್ಶನ ಸಂದರ್ಶನವೊಂದರಲ್ಲಿ, ಗ್ರಾಹಕ ಪ್ರಿಂಟರ್ ಕೊಂಡಾಗ ತಾವು ಅವನ ಮೇಲೆ ಹೂಡಿಕೆ ಮಾಡಿದಂತೆ, ಆತ ತಮ್ಮ ಶಾಯಿ ಬಳಸದಿದ್ದರೆ ಅದು ಕೆಟ್ಟ ಹೂಡಿಕೆ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು. ಕಾರ್ಟ್ರಿಜ್ ಮೂಲಕ ವೈರಸ್ ನುಸುಳಬಹುದೆಂಬ ಭಯವನ್ನೂ ಮುಂದಿಟ್ಟರು. ಹಣ ಕೊಟ್ಟವನು ನಾನು, ಹೂಡಿಕೆದಾರರು ಅವರು! ಮುದ್ರಣವನ್ನು ತಿಂಗಳ ಚಂದಾ ಸೇವೆಯಾಗಿ ಮಾರ್ಪಡಿಸುವುದು ದೂರದ ಗುರಿಯೆಂಬುದನ್ನೂ ಅವರು ಬಚ್ಚಿಡಲಿಲ್ಲ.

ಈ ಚಿಪ್ ಎಷ್ಟು ಅನಿವಾರ್ಯವೆಂಬುದನ್ನು ಕಾಲವೇ ಒಮ್ಮೆ ಪರೀಕ್ಷಿಸಿತು. ಕೋವಿಡ್ ನಂತರ ಜಗತ್ತಿನಾದ್ಯಂತ ಚಿಪ್‌ಗಳ ಅಭಾವ ಉಂಟಾದಾಗ ಕ್ಯಾನನ್ ಕಂಪನಿ 2022ರ ಆರಂಭದಲ್ಲಿ ಯುರೋಪಿನಲ್ಲಿ ತನ್ನ ಕೆಲವು ಟೋನರ್ ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆಯೇ ಕಳುಹಿಸಬೇಕಾಯಿತು. ತನ್ನದೇ ಯಂತ್ರಗಳು ತನ್ನದೇ ಕಾರ್ಟ್ರಿಜ್‌ಗಳನ್ನು ಅನುಮಾನಿಸತೊಡಗಿದವು. ಆ ಎಚ್ಚರಿಕೆಯನ್ನು ಬದಿಗೊತ್ತಿ ಮುದ್ರಿಸುವುದು ಹೇಗೆಂದು ಕಂಪನಿಯೇ ಗ್ರಾಹಕರಿಗೆ ಹೇಳಿಕೊಟ್ಟಿತು. ಶಾಯಿಯ ಮಟ್ಟ ಸರಿಯಾಗಿ ತೋರದೆ ಹೋಗಬಹುದು, ಮುದ್ರಣದ ಗುಣಮಟ್ಟಕ್ಕೆ ತೊಂದರೆಯಿಲ್ಲ ಎಂದೂ ತಿಳಿಸಿತು. ಎಸ್.ಪಿ. ರಸ್ತೆಯವರು ಬಹಳ ಕಾಲದಿಂದ ಹೇಳುತ್ತಿದ್ದುದೂ ಇದನ್ನೇ.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಸಂಶೋಧನೆಗೆ ಕಂಪನಿಗಳು ಅಪಾರ ಹಣ ಸುರಿದಿವೆ ಎಂಬುದು ಸುಳ್ಳಲ್ಲ. ಕಳಪೆ ಶಾಯಿ ಮುದ್ರಣ ತಲೆಯನ್ನು ಕಟ್ಟಿಸುತ್ತದೆ, ಸೋರುತ್ತದೆ, ಕೆಲವೇ ದಿನಗಳಲ್ಲಿ ಮಾಸುತ್ತದೆ. ಕಾರ್ಟ್ರಿಜ್‌ನಲ್ಲೇ ತಲೆಯಿರುವ ಮಾದರಿಗಳು ಕೆಲವು ಸಲದ ತುಂಬುವಿಕೆಯ ಬಳಿಕ ಹೇಗೂ ಸೋಲುತ್ತವೆ. ಮದುವೆಯ ಫೋಟೊ, ಆಸ್ತಿಪತ್ರದ ಪ್ರತಿ ಮುಂತಾದ ಬಹುಕಾಲ ಬಾಳಬೇಕಾದ ಮುದ್ರಣಕ್ಕೆ ನಾನೂ ಕಂಪನಿಯ ಶಾಯಿಯನ್ನೇ ಸೂಚಿಸುತ್ತೇನೆ. ಇದಕ್ಕಿಂತ ಗಂಭೀರವಾದದ್ದು ಖೋಟಾ ಮಾಲಿನ ಪಿಡುಗು. ತುಂಬಿಸಿದ ಹಳೆಯ ಕಾರ್ಟ್ರಿಜ್‌ಗೆ ಹೊಸ ಪೆಟ್ಟಿಗೆ, ಸುಳ್ಳು ಹೋಲೋಗ್ರಾಮ್ ಅಂಟಿಸಿ ಹೊಸತೆಂದು ಮಾರುವವನು ಕಂಪನಿಗೂ ನಮಗೂ ಸಮನಾಗಿ ಮೋಸ ಮಾಡುತ್ತಾನೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಅದು ಶಿಕ್ಷಾರ್ಹ ಅಪರಾಧ, ಶಿಕ್ಷೆ ಆಗಲೇಬೇಕು. ಆದರೆ ‘ಇದು ತುಂಬಿಸಿದ್ದು’ ಎಂದು ಹೇಳಿಯೇ ಮಾರುವವನನ್ನೂ ‘ಇದು ಹೊಸತು’ ಎಂದು ಸುಳ್ಳು ಹೇಳುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟುವುದು ಅನ್ಯಾಯ. ಪರದೆಯ ಮೇಲೆ ಮೂಡುವ ‘ನಕಲಿ’ ಎಂಬ ಎಚ್ಚರಿಕೆ ಮಾಡುತ್ತಿರುವುದು ಅದನ್ನೇ.

ಇನ್ನೊಂದು ವಾದ ಹೆಚ್ಚು ಬಲವಾದದ್ದು. ಗ್ರಾಹಕ ಪ್ರಿಂಟರ್ ಕೊಳ್ಳುವಾಗಲೇ ಶಾಯಿಯ ವೆಚ್ಚವನ್ನೂ ಲೆಕ್ಕ ಹಾಕಬಲ್ಲ. ದುಬಾರಿ ಶಾಯಿಯ ಪ್ರಿಂಟರನ್ನು ಬಿಟ್ಟು ಬೇರೆ ಕೊಳ್ಳಬಲ್ಲ. ಆದ್ದರಿಂದ ಶಾಯಿಯೊಂದನ್ನೇ ಪ್ರತ್ಯೇಕ ಮಾರುಕಟ್ಟೆಯೆಂದು ನೋಡಬಾರದು ಎಂಬುದು ಅದು. ಕಾರ್ಟ್ರಿಜ್ ಮರುಬಳಕೆದಾರರ ಒಕ್ಕೂಟವೊಂದು ಎಚ್‌ಪಿ, ಲೆಕ್ಸ್‌ಮಾರ್ಕ್, ಕ್ಯಾನನ್, ಎಪ್ಸನ್ ಕಂಪನಿಗಳ ವಿರುದ್ಧ ಕೊಟ್ಟ ದೂರನ್ನು ಯುರೋಪಿಯನ್ ಕಮಿಷನ್ 2009ರಲ್ಲಿ ತಳ್ಳಿಹಾಕಿದ್ದು ಬಹುಮಟ್ಟಿಗೆ ಇದೇ ತರ್ಕದ ಮೇಲೆ. 2013ರಲ್ಲಿ ಯುರೋಪಿನ ಉನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಅರ್ಥಶಾಸ್ತ್ರದ ತರಗತಿಯಲ್ಲಿ ನಾನೂ ಇದನ್ನು ಒಪ್ಪಿಯೇನು. ಆದರೆ ಈ ತರ್ಕ ನಿಲ್ಲಬೇಕಾದರೆ ಎರಡು ಆಧಾರಗಳು ಬೇಕು: ಕೊಳ್ಳುವಾಗ ಪುಟವೊಂದರ ನಿಜವಾದ ವೆಚ್ಚ ಗ್ರಾಹಕನಿಗೆ ಗೊತ್ತಿರಬೇಕು, ಕೊಂಡ ಮೇಲೆ ನಿಯಮ ಬದಲಾಗಬಾರದು. ರಾತ್ರೋರಾತ್ರಿ ಬರುವ ತಂತ್ರಾಂಶ ಎರಡನೆಯ ಆಧಾರವನ್ನು ಪೂರ್ತಿ ಕಿತ್ತುಹಾಕುತ್ತದೆ. ಆಟ ಶುರುವಾದ ಮೇಲೆ ನಿಯಮ ಬದಲಿಸುವವನು, ನೀನು ನೋಡಿಕೊಂಡೇ ಆಟಕ್ಕಿಳಿಯಬೇಕಿತ್ತು ಎನ್ನುವಂತಿಲ್ಲ.

ಮರುಪೂರಣದವರು ಉದ್ಯಮಕ್ಕೆ ಕಂಟಕವೇ ಎಂಬ ಪ್ರಶ್ನೆಗೆ ಏಷ್ಯಾದಲ್ಲಿಯೇ ಉತ್ತರವಿದೆ. ಇಂಡೊನೇಷ್ಯದಲ್ಲಿ ಜನ ಪ್ರಿಂಟರಿನ ಪಕ್ಕಕ್ಕೆ ಶಾಯಿಯ ಡಬ್ಬಗಳನ್ನು ಕಟ್ಟಿ, ತೆಳುವಾದ ಕೊಳವೆಗಳಿಂದ ನೇರವಾಗಿ ಶಾಯಿ ಹರಿಸುವ ಉಪಾಯ ಮಾಡಿಕೊಂಡಿದ್ದರು. ನಮ್ಮ ಊರುಗಳ ಸ್ಟುಡಿಯೊಗಳಲ್ಲೂ ಇಂಥ ಜೋಡಣೆಗಳನ್ನು ನೋಡಿದ್ದೇವೆ. ಇದನ್ನು ತಡೆಯಲಾಗದ ಎಪ್ಸನ್ ಕಂಪನಿ 2010ರಲ್ಲಿ ಆ ದೇಶದಲ್ಲಿಯೇ ತನ್ನ ಮೊದಲ ಇಂಕ್ ಟ್ಯಾಂಕ್ ಪ್ರಿಂಟರನ್ನು ಬಿಡುಗಡೆ ಮಾಡಿತು. ಯಂತ್ರಕ್ಕೆ ಹೆಚ್ಚು ಬೆಲೆ, ಬಾಟಲಿ ಶಾಯಿಗೆ ಕಡಿಮೆ ಬೆಲೆ. ಆಮೇಲೆ ಭಾರತಕ್ಕೂ ಅದು ಬಂತು. ಕ್ಯಾನನ್, ಎಚ್‌ಪಿ, ಬ್ರದರ್ ಕಂಪನಿಗಳೂ ಅದೇ ಹಾದಿ ಹಿಡಿದವು. ಕೊಡಕ್‌ನಿಂದ ಆಗದ್ದು ಬೀದಿಬದಿಯ ಮೆಕ್ಯಾನಿಕ್‌ಗಳಿಂದ ಆಯಿತು. ಇಂದು ನಾವು ಕಂಪನಿಯ ಕೊಡುಗೆಯೆಂದು ಕೊಳ್ಳುವ ಟ್ಯಾಂಕ್ ಪ್ರಿಂಟರ್, ಒಂದು ಕಾಲಕ್ಕೆ ಕಂಪನಿಗಳು ವಾರಂಟಿ ರದ್ದಾಗುತ್ತದೆಂದು ಹೆದರಿಸುತ್ತಿದ್ದ ಕೆಲಸದ ಸುಧಾರಿತ ರೂಪ.

ನಮ್ಮ ಕಾನೂನು ಈ ವಿಷಯದಲ್ಲಿ ನಿಶ್ಶಸ್ತ್ರವೇನಲ್ಲ. 2002ರ ಸ್ಪರ್ಧಾ ಕಾಯ್ದೆ ಒಂದು ವಸ್ತುವಿನೊಂದಿಗೆ ಇನ್ನೊಂದನ್ನು ಗಂಟುಹಾಕುವ ವ್ಯವಹಾರವನ್ನು ಪ್ರಶ್ನಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಇಂಥದ್ದನ್ನು ನಿರ್ಬಂಧಕ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಬಿಡಿಭಾಗಗಳನ್ನೂ ದುರಸ್ತಿಯ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಮೇಲ್ಮನವಿಗಳು ನಡೆದವೆಂಬುದು ನಿಜ. ಆದರೂ ಕಾರಿಗೆ ಅನ್ವಯಿಸುವ ವಿವೇಕ ಕಾರ್ಟ್ರಿಜ್‌ಗೆ ಏಕೆ ಅನ್ವಯಿಸಬಾರದು? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ಆರಂಭಿಸಿತು. ಆಯ್ದುಕೊಂಡ ಕ್ಷೇತ್ರಗಳು ನಾಲ್ಕು: ಕೃಷಿ ಯಂತ್ರಗಳು, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು. ಟ್ರ್ಯಾಕ್ಟರ್, ಮೊಬೈಲುಗಳ ಗದ್ದಲದಲ್ಲಿ ಬಡಪಾಯಿ ಪ್ರಿಂಟರಿನ ದನಿ ಕೇಳಿಸುವುದಿಲ್ಲ.

ಪರಿಸರದ ಮಾತೂ ಇದೆ. ನಮ್ಮ ಇ-ತ್ಯಾಜ್ಯ ನಿಯಮಗಳು ಪ್ರಿಂಟರುಗಳ ಜತೆಗೆ ಕಾರ್ಟ್ರಿಜ್‌ಗಳನ್ನೂ ಹೆಸರಿಸಿವೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳ ಪ್ರಕಾರ ಅವುಗಳ ವಿಲೇವಾರಿ ಉತ್ಪಾದಕರ ಹೊಣೆ. ಮತ್ತೆ ತುಂಬಿದ ಪ್ರತಿ ಕಾರ್ಟ್ರಿಜ್ ಕಸದ ರಾಶಿಗೆ ಅಷ್ಟರಮಟ್ಟಿಗೆ ತಡವಾಗಿ ಸೇರುತ್ತದೆ. ಒಂದು ಕೈಯಲ್ಲಿ ಹಸಿರು ಎಲೆಯ ಚಿತ್ರವಿರುವ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಮರುಬಳಕೆ ತಡೆಯುವ ಚಿಪ್ ಹಿಡಿದ ಕಂಪನಿಯನ್ನು ಈ ವಿರೋಧಾಭಾಸದ ಬಗ್ಗೆ ಕೇಳಬೇಕಾದವರು ಯಾರು? ಯುರೋಪಿನ ಇ-ತ್ಯಾಜ್ಯ ನಿರ್ದೇಶನ 2002ರಷ್ಟು ಹಿಂದೆಯೇ, ಮರುಬಳಕೆಗೆ ಅಡ್ಡಿಯಾಗುವ ವಿನ್ಯಾಸಗಳನ್ನು ತಯಾರಕರು ಮಾಡದಂತೆ ನೋಡಿಕೊಳ್ಳಿರೆಂದು ಸದಸ್ಯ ರಾಷ್ಟ್ರಗಳಿಗೆ ಹೇಳಿತ್ತು. ಅದು ಪೂರ್ತಿ ಜಾರಿಯಾಗದಿರಬಹುದು. ಹೇಳುವುದಾದರೂ ನಮ್ಮಲ್ಲಿ ಆಗಬೇಡವೇ?

ಆಗಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಮೊದಲನೆಯದಾಗಿ, ಔಷಧದ ಮೇಲೆ ಗರಿಷ್ಠ ಬೆಲೆ ಮುದ್ರಿಸುವಂತೆ ಪ್ರತಿ ಪ್ರಿಂಟರಿನ ಪೆಟ್ಟಿಗೆಯ ಮೇಲೆ ಪುಟವೊಂದರ ಶಾಯಿ ವೆಚ್ಚವನ್ನೂ ಕಾರ್ಟ್ರಿಜ್ ಮೇಲೆ ಶಾಯಿಯ ಅಳತೆಯನ್ನೂ ಎದ್ದುಕಾಣುವಂತೆ ಮುದ್ರಿಸುವುದು ಕಡ್ಡಾಯವಾಗಲಿ. ಪುಟಗಳ ಲೆಕ್ಕ ಹಾಕಲು ಅಂತರರಾಷ್ಟ್ರೀಯ ಮಾನದಂಡಗಳು ಈಗಾಗಲೇ ಇವೆ. ಎರಡನೆಯದಾಗಿ, ಕೊಳ್ಳುವ ದಿನ ಕೆಲಸ ಮಾಡುತ್ತಿದ್ದ ಯಾವುದೇ ಕಾರ್ಟ್ರಿಜನ್ನು ನಂತರದ ತಂತ್ರಾಂಶ ಸ್ಥಗಿತಗೊಳಿಸುವಂತಿಲ್ಲ ಎಂಬ ನಿಯಮ ಬರಲಿ. ಎಚ್ಚರಿಕೆ ಕೊಡಲಿ, ಬೀಗ ಹಾಕುವುದು ಬೇಡ. ಮೂರನೆಯದಾಗಿ, ಮರುಪೂರಣದವರು ತಮ್ಮ ಹೆಸರು, ತುಂಬಿದ ದಿನಾಂಕವನ್ನು ಕಾರ್ಟ್ರಿಜ್ ಮೇಲೆ ನಮೂದಿಸುವ ಸರಳ ಪದ್ಧತಿ ರೂಢಿಗೆ ಬಂದರೆ ಪ್ರಾಮಾಣಿಕರಿಗೂ ಖೋಟಾದವರಿಗೂ ನಡುವಿನ ಗೆರೆ ಸ್ಪಷ್ಟವಾಗುತ್ತದೆ. ನಾಲ್ಕನೆಯದು ಸರ್ಕಾರದ ಕೈಯಲ್ಲೇ ಇರುವ ಮದ್ದು. ಕಚೇರಿಗಳಿಗೆ ಪ್ರಿಂಟರ್ ಕೊಳ್ಳುವಾಗ ಯಂತ್ರದ ಕನಿಷ್ಠ ದರಕ್ಕೆ ಮಣೆ ಹಾಕದೆ, ಐದು ವರ್ಷಗಳಲ್ಲಿ ಒಂದು ಪುಟಕ್ಕೆ ತಗಲುವ ಒಟ್ಟು ವೆಚ್ಚವನ್ನು ಟೆಂಡರಿನ ಅಳತೆಗೋಲಾಗಿಸಲಿ.

ಅಲ್ಲಿಯವರೆಗೆ ನಮ್ಮ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ತಿಂಗಳಿಗೆ ಹತ್ತಿಪ್ಪತ್ತು ಪುಟ ಮಾತ್ರ ಮುದ್ರಿಸುವ ಮನೆಗೆ ಪ್ರಿಂಟರೇ ಬೇಡ. ಜೆರಾಕ್ಸ್ ಅಂಗಡಿ ಸಾಕು. ಬಳಸದೆ ಬಿಟ್ಟ ಇಂಕ್‌ಜೆಟ್ ಒಣಗುತ್ತದೆ, ಅದನ್ನು ಶುಚಿಗೊಳಿಸುವ ನೆಪದಲ್ಲಿ ಯಂತ್ರ ತಾನೇ ಶಾಯಿ ಕುಡಿಯುತ್ತದೆ. ಬಣ್ಣದ ಅಗತ್ಯವಿಲ್ಲದವರಿಗೆ ಮತ್ತೆ ತುಂಬಿಸಬಹುದಾದ ಲೇಸರ್, ಬಣ್ಣ ಬೇಕಾದವರಿಗೆ ಟ್ಯಾಂಕ್ ಮಾದರಿ ಲೇಸು. ಈಗಾಗಲೇ ಕಾರ್ಟ್ರಿಜ್ ಪ್ರಿಂಟರ್ ಇರುವವರು ಶಾಯಿ ಪೂರ್ತಿ ಒಣಗುವ ಮೊದಲೇ, ಪರಿಚಯದ ಕೈಯಲ್ಲಿ ತುಂಬಿಸಿಕೊಳ್ಳುವುದು ಜಾಣತನ. ಕೊಳ್ಳುವ ಮೊದಲು ಅಂಗಡಿಯವರನ್ನು, ‘ಇದರ ಶಾಯಿಗೆ ಎಷ್ಟು, ಎಷ್ಟು ಪುಟ ಬರುತ್ತದೆ?’ ಎಂದು ಕೇಳಿ. ಈ ಎರಡು ಪ್ರಶ್ನೆಗಳನ್ನು ನಾನು ಕೇಳಿರಲಿಲ್ಲ.

ಮೊನ್ನೆ ಮತ್ತೆ ಎಸ್.ಪಿ. ರಸ್ತೆಗೆ ಹೋಗಿದ್ದೆ. ಆ ಯುವಕ ಈಗ ಶಾಯಿ ತುಂಬುವುದಕ್ಕಿಂತ ಹೆಚ್ಚಿನ ಹೊತ್ತನ್ನು ಚಿಪ್ ಬದಲಿಸುವುದರಲ್ಲಿ ಕಳೆಯುತ್ತಾನೆ. ಪ್ರತಿ ಹೊಸ ತಂತ್ರಾಂಶ ಬಂದಾಗಲೂ ಅವನ ಪೆಟ್ಟಿಗೆಯಲ್ಲಿರುವ ಒಂದಷ್ಟು ಚಿಪ್‌ಗಳು ನಿರುಪಯುಕ್ತವಾಗುತ್ತವೆ. ‘ಎಷ್ಟು ದಿನ ನಡೆಯತ್ತೋ ನಡೀಲಿ ಸಾರ್, ಆಮೇಲೆ ಮೊಬೈಲ್ ರಿಪೇರಿ ಕಲೀತೀನಿ’ ಎಂದ. ಅಲ್ಲಿಯೂ ಇದೇ ಬೀಗಗಳು ಅವನಿಗಾಗಿ ಕಾದಿವೆ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ.